ಎತ್ತರಕ್ಕೆ ಒಗ್ಗುವ ದಿನ: ಬೆಳಗಿನಿಂದ ಮರುದಿನದ ಬೆಳಗಿನವರೆಗೆ

ಎತ್ತರದ ಚಾರಣಗಳ ವೇಳಾಪಟ್ಟಿಯಲ್ಲಿ ಒಂದೆರಡು ಕಡೆ ‘ವಿಶ್ರಾಂತಿ ದಿನ’ ಎಂದು ಬರೆದಿರುತ್ತದೆ. ರಜೆ ಕಡಿಮೆ ಇರುವವರು ಮೊದಲು ಕತ್ತರಿ ಹಾಕುವುದು ಆ ದಿನಕ್ಕೇ. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಸುಮಾರು 3,000 ಮೀಟರ್ ಎತ್ತರದಿಂದ ಹೊರಟು ಅದೇ ರಾತ್ರಿ 4,000 ಮೀಟರಿಗಿಂತ ಮೇಲೆ ಮಲಗಿದೆ. ಸಂಜೆ ಶುರುವಾದ ತಲೆನೋವನ್ನು ಬಿಸಿಲಿನದು ಎಂದು ಜೊತೆಯವರಿಗೆ ಹೇಳಿದೆ. ಮಧ್ಯರಾತ್ರಿಗೆ ವಾಂತಿ. ಬೆಳಕು ಹರಿಯುತ್ತಲೇ ಇಬ್ಬರು ನನ್ನ ಚೀಲ ಹೊತ್ತುಕೊಂಡು, ನನ್ನನ್ನು ನಡುವೆ ನಡೆಸಿಕೊಂಡು ಕೆಳಗಿಳಿದರು. 600 ಮೀಟರ್ ಇಳಿಯುವಷ್ಟರಲ್ಲಿ ತಲೆ ಹಗುರಾಯಿತು, ಹೊಟ್ಟೆ ಹಸಿಯಿತು. ಆದರೆ ಆ ಇಬ್ಬರ ಚಾರಣ ನನ್ನಿಂದಾಗಿ ಅಲ್ಲಿಗೇ ಮುಗಿದಿತ್ತು. ಅಂದಿನಿಂದ ಈ ದಿನವನ್ನು ನಾನು ಬಿಟ್ಟಿಲ್ಲ. ಅದನ್ನು ಹೇಗೆ ಕಳೆಯುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೈಯೊಳಗೆ ನಡೆಯುವುದೇನು

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಸಮುದ್ರದಂಚಿನಲ್ಲೂ ಎವರೆಸ್ಟ್ ತುದಿಯಲ್ಲೂ ಆ ಪಾಲು ಸುಮಾರು 21 ಶೇಕಡಾವೇ. ಕಡಿಮೆಯಾಗುವುದು ಗಾಳಿಯ ಒತ್ತಡ. 5,500 ಮೀಟರಿನ ಹೊತ್ತಿಗೆ ಒತ್ತಡ ಅರ್ಧಕ್ಕಿಳಿಯುತ್ತದೆ, ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಭಾಗಕ್ಕೆ. ಅಂದರೆ ಎದೆ ತುಂಬ ಉಸಿರೆಳೆದರೂ ಒಳಗೆ ಬರುವ ಆಮ್ಲಜನಕ ಅಷ್ಟೇ ಕಡಿಮೆ.

ಕತ್ತಿನ ರಕ್ತನಾಳದಲ್ಲಿರುವ ಸಣ್ಣ ಅಂಗವೊಂದು ಈ ಕೊರತೆಯನ್ನು ಕೂಡಲೇ ಗುರುತಿಸಿ ಉಸಿರಾಟವನ್ನು ಹೆಚ್ಚಿಸುತ್ತದೆ. ಆದರೆ ಜಾಸ್ತಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಕೂಡ ಜಾಸ್ತಿ ಹೊರಗೆ ಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮೆದುಳು ‘ಉಸಿರು ಸಾಕು’ ಎಂದು ತಡೆಯುತ್ತದೆ. ಒಂದು ಕಡೆ ಹೆಚ್ಚಿಸು ಎನ್ನುವ ಒತ್ತಾಯ, ಇನ್ನೊಂದು ಕಡೆ ತಗ್ಗಿಸು ಎನ್ನುವ ತಡೆ. ಈ ಜಗಳ ಬಿಡಿಸುವುದು ಮೂತ್ರಪಿಂಡ. ಅದು ರಕ್ತದಲ್ಲಿರುವ ಕ್ಷಾರ ಗುಣದ ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಸಮಸ್ಥಿತಿಗೆ ತರುತ್ತದೆ. ಅದಕ್ಕೆ ಕೆಲವು ದಿನಗಳೇ ಬೇಕು, ಎಷ್ಟು ಗಟ್ಟಿ ಕಾಲಿನವರಾದರೂ ಆ ಕೆಲಸವನ್ನು ಅವಸರಪಡಿಸಲಾಗದು. ಕೆಂಪು ರಕ್ತಕಣಗಳು ಹೆಚ್ಚುವುದಂತೂ ವಾರಗಟ್ಟಲೆಯ ಮಾತು. ನಾಲ್ಕೈದು ದಿನದ ಚಾರಣದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ನಿತ್ಯ ಓಡುವವರು, ಜಿಮ್ಮಿಗೆ ಹೋಗುವವರು ಇಲ್ಲಿ ಮೋಸಹೋಗುತ್ತಾರೆ. ದೇಹದಾರ್ಢ್ಯ ಏರು ಹತ್ತಲು ನೆರವಾಗುತ್ತದೆ, ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಕಾಲಿನಲ್ಲಿ ಶಕ್ತಿ ಇರುವವರು ಬೇಗ ಮೇಲೆ ಹೋಗಿಬಿಡುತ್ತಾರೆ, ಮೂತ್ರಪಿಂಡ ಹಿಂದೆಯೇ ಉಳಿದಿರುತ್ತದೆ. ಹಿಂದೆ ಎತ್ತರದಲ್ಲಿ ಕಾಯಿಲೆ ಬಿದ್ದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ನಿಮ್ಮದೇ ಹಳೆಯ ಅನುಭವ ಇದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಈ ದಿನ ಎಲ್ಲಿ ಬರಬೇಕು

ಪರ್ವತ ವೈದ್ಯರು ಒಪ್ಪಿರುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಮಲಗಬೇಕು. ‘ಮಲಗುವ ಜಾಗ’ ಎಂಬ ಮಾತನ್ನು ಗಮನಿಸಿ. ಹಗಲಿನಲ್ಲಿ ಕಣಿವೆಯ ಆಚೆ 700 ಮೀಟರ್ ಹತ್ತಿ ಇಳಿದು ಬಂದರೆ ಲೆಕ್ಕಕ್ಕೆ ಬರುವುದು ನೀವು ಮಲಗುವ ಎತ್ತರ.

ಸೈನ್ಯಗಳು ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸುತ್ತವೆ. 1962ರ ಯುದ್ಧದ ಹೊತ್ತಿನಲ್ಲಿ ಭಾರತದ ಸೈನಿಕರನ್ನು ತಗ್ಗು ಪ್ರದೇಶಗಳಿಂದ ಅವಸರವಾಗಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು, ಬಹಳ ಮಂದಿ ಕಾಯಿಲೆ ಬಿದ್ದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ವಿಷಯದ ತಳಪಾಯಗಳಲ್ಲೊಂದು. ಇಂದು ಭಾರತೀಯ ಸೇನೆಯ ಕ್ರಮದಲ್ಲಿ ಮೊದಲ ಹಂತದ ಎತ್ತರಕ್ಕೆ 6 ದಿನ, ಆಮೇಲಿನ ಎರಡು ಹಂತಗಳಿಗೆ 4 ದಿನಗಳಂತೆ ಮೀಸಲು. ಬಂದೂಕು ಹೊತ್ತು ಓಡಬಲ್ಲ ಯುವಕರಿಗೇ ಇಷ್ಟು ದಿನ ಕೊಡುತ್ತಾರೆಂದರೆ, ನಾವು ಒಂದು ದಿನ ಕೊಡಲು ಚೌಕಾಸಿ ಮಾಡಬಾರದು.

ಇನ್ನೊಂದು ಕಾರಣಕ್ಕೂ ಈ ದಿನ ಮುಖ್ಯ. ಎತ್ತರದ ಸಾಮಾನ್ಯ ಕಾಯಿಲೆ ತಲೆಯೆತ್ತುವುದು ಹೊಸ ಎತ್ತರಕ್ಕೆ ಬಂದು 6ರಿಂದ 12 ಗಂಟೆಯ ಮೇಲೆ, ಎಂದರೆ ಬಂದ ರಾತ್ರಿ ಅಥವಾ ಮರುದಿನ ಬೆಳಗ್ಗೆ. ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯಕಾರಿ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಎರಡನೆಯ ರಾತ್ರಿ. ಒಗ್ಗುವ ದಿನದ ಬೆಳಗು ಮೊದಲಿನದನ್ನು ಹಿಡಿಯುವ ಹೊತ್ತು, ಅದೇ ದಿನದ ರಾತ್ರಿ ಎರಡನೆಯದನ್ನು ಹಿಡಿಯುವ ಹೊತ್ತು. ಈ ದಿನವನ್ನು ಕತ್ತರಿಸಿದವರು ಆ ಎರಡೂ ಹೊತ್ತಿನಲ್ಲಿ ಇನ್ನೂ ಮೇಲೆ, ಇನ್ನೂ ದೂರದಲ್ಲಿ ಇರುತ್ತಾರೆ.

ಬೆಳಗ್ಗೆ, ಏಳುವ ಮೊದಲು

ಎಚ್ಚರವಾದ ಕೂಡಲೇ ದಡಬಡ ಏಳಬೇಡಿ. ಮಲಗಿದಲ್ಲೇ ಒಂದು ನಿಮಿಷ ನಾಡಿ ಎಣಿಸಿ. ಮನೆಯಲ್ಲಿ ಬೆಳಗ್ಗೆ ಎಷ್ಟಿರುತ್ತದೆ ಎಂದು ಹೊರಡುವ ಮೊದಲೇ ಬರೆದಿಟ್ಟುಕೊಂಡಿದ್ದರೆ ಹೋಲಿಸಲು ಸುಲಭ. ಇಲ್ಲಿ ಸ್ವಲ್ಪ ಹೆಚ್ಚಿರುತ್ತದೆ, ಅದು ಸಹಜ. ಅದೇ ಎತ್ತರದಲ್ಲಿ ದಿನ ಕಳೆದಂತೆ ಇಳಿಯುತ್ತಾ ಬರಬೇಕು.

ರಕ್ತದಲ್ಲಿನ ಆಮ್ಲಜನಕವನ್ನು ಶೇಕಡಾದಲ್ಲಿ ತೋರಿಸುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಬಳಸಿ, ಆದರೆ ಅದರ ಅಂಕಿಯೊಂದನ್ನೇ ನಂಬಿ ಕೂರಬೇಡಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ತಪ್ಪು ತೋರಿಸುತ್ತದೆ. ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು, ಕುಳಿತು, ಅಂಕಿ ನಿಲ್ಲುವವರೆಗೆ ಕಾದು ನೋಡಿ. 3,500–4,000 ಮೀಟರಿನಲ್ಲಿ ಆರೋಗ್ಯವಂತರಿಗೂ 85ರಿಂದ 90ರ ಒಳಗೆ ತೋರಿಸುವುದುಂಟು. 92 ತೋರಿಸಿದವರಿಗೆ ವಾಂತಿಯಾಗಿದ್ದೂ, 84 ತೋರಿಸಿದವರು ಲವಲವಿಕೆಯಿಂದ ತಿಂಡಿ ತಿಂದಿದ್ದೂ ನಾನು ನೋಡಿದ್ದೇನೆ. ಅಂಕಿ ಗುಂಪಿನ ಉಳಿದವರಿಗಿಂತ ತೀರಾ ಕಡಿಮೆ ಇದ್ದರೆ, ಅಥವಾ ನಿನ್ನೆಗಿಂತ ಕುಸಿದಿದ್ದರೆ ಮಾತ್ರ ಆ ವ್ಯಕ್ತಿಯ ಮೇಲೆ ಹೆಚ್ಚು ಕಣ್ಣಿಡಿ.

ಅಂಕಿಗಿಂತ ಮುಖ್ಯವಾದದ್ದು ನಾಲ್ಕು ಪ್ರಶ್ನೆ. ತಲೆನೋವು ಇದೆಯೇ? ಹಸಿವು ಸತ್ತಿದೆಯೇ, ವಾಕರಿಕೆ ಬರುತ್ತಿದೆಯೇ? ಮೈ ಸೋತಿದೆಯೇ? ತಲೆ ಸುತ್ತುತ್ತಿದೆಯೇ? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಿ: ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಮೂರು. ತಲೆನೋವು ಇದ್ದು, ಒಟ್ಟು ಮೂರು ಅಥವಾ ಹೆಚ್ಚು ಬಂದರೆ ಅದು ಎತ್ತರದ ಕಾಯಿಲೆ ಎಂದೇ ಹಿಡಿಯಬೇಕು. ಇದು ಕೆನಡಾದ ಲೇಕ್ ಲೂಯೀಸ್ ಊರಿನ ಹೆಸರಿನಲ್ಲಿ ಪ್ರಸಿದ್ಧವಾದ ಅಳತೆ. ಮೊದಲು ನಿದ್ದೆಯ ಪ್ರಶ್ನೆಯೂ ಅದರಲ್ಲಿತ್ತು, 2018ರ ಪರಿಷ್ಕರಣೆಯಲ್ಲಿ ತೆಗೆದರು. ಎತ್ತರದಲ್ಲಿ ಚೆನ್ನಾಗಿದ್ದವರಿಗೂ ನಿದ್ದೆ ಕೆಡುತ್ತದೆ.

ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. ‘ಎಲ್ಲಾ ಆರಾಮಾ?’ ಎಂದರೆ ಎಲ್ಲರೂ ‘ಆರಾಮ’ ಎನ್ನುತ್ತಾರೆ. ‘ತಲೆನೋವು ಎಷ್ಟು? ಸೊನ್ನೆಯಾ, ಒಂದಾ, ಎರಡಾ?’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಗುಂಪಿನ ಹಿರಿಯರು, ಅನುಭವಿಗಳು ಮೊದಲು ತಮ್ಮ ಅಂಕ ಹೇಳಲಿ. ‘ನನಗೆ ಒಂದು’ ಎಂದು ಅವರೇ ಹೇಳಿಬಿಟ್ಟರೆ ಕಿರಿಯರಿಗೆ ಬಾಯಿ ಬಿಡುವುದು ಹಗುರವಾಗುತ್ತದೆ. ಬೇರೆಯವರ ಚಾರಣ ಕೆಡುತ್ತದೆ ಎಂಬ ಸಂಕೋಚದಿಂದ ಮುಚ್ಚಿಟ್ಟ ತಲೆನೋವೇ ರಾತ್ರಿಯ ಹೊತ್ತು ಎಲ್ಲರನ್ನೂ ಎಬ್ಬಿಸುವುದು. ಮುಚ್ಚಿಟ್ಟವನಾಗಿ ಇದನ್ನು ಹೇಳುತ್ತಿದ್ದೇನೆ.

ಮೂತ್ರದ ಬಣ್ಣವನ್ನೂ ನೋಡಿಕೊಳ್ಳಿ. ತಿಳಿ ಹಳದಿ ಇದ್ದು, ಹಿಂದಿಗಿಂತ ಹೆಚ್ಚು ಸಲ ಹೋಗಬೇಕಾಗುತ್ತಿದ್ದರೆ ಮೈ ಒಗ್ಗುತ್ತಿರುವ ಲಕ್ಷಣ. ಗಾಢ ಬಣ್ಣವಿದ್ದರೆ ನೀರು ಸಾಲದು.

ಯಾರು ನಡೆಯಬೇಕು, ಯಾರು ಉಳಿಯಬೇಕು

ಅಂಕ ಸೊನ್ನೆ, ಒಂದು ಇದ್ದವರು ನಡಿಗೆಗೆ ಸಿದ್ಧರಾಗಲಿ. ಬರೀ ಸಣ್ಣ ತಲೆನೋವು ಇದ್ದವರು ನೀರು ಕುಡಿದು, ತಿಂಡಿ ತಿಂದು, ಬೇಕಿದ್ದರೆ ಒಂದು ಪ್ಯಾರಸಿಟಮಾಲ್ ತೆಗೆದುಕೊಂಡು ಗಂಟೆ ಕಾಯಲಿ. ಹೋಯಿತೆಂದರೆ ನಿಧಾನವಾಗಿ ಬರಬಹುದು. ಹೋಗದಿದ್ದರೆ, ಅಥವಾ ವಾಕರಿಕೆಯೂ ಸೇರಿಕೊಂಡರೆ, ಅವರಿಗೆ ಇಂದು ಏರು ಬೇಡ. ಬಿಡಾರದ ಸುತ್ತ ಸಮತಟ್ಟಿನಲ್ಲಿ ಓಡಾಡಿಕೊಂಡಿರಲಿ, ಜೊತೆಗೆ ಒಬ್ಬರಿರಲಿ.

ಹೊರಡುವ ಮುನ್ನ ಚೀಲದ ಮಾತು, ಚುಟುಕಾಗಿ: ಒಂದೂವರೆ ಲೀಟರ್ ನೀರು, ತಿನ್ನಲು ಏನಾದರೂ, ಗಾಳಿ ತಡೆಯುವ ಜಾಕೆಟ್, ಬೆಚ್ಚನೆಯ ಇನ್ನೊಂದು ಪದರ, ಟೋಪಿ, ಕೈಗವಸು, ತಲೆಗೆ ಕಟ್ಟುವ ಟಾರ್ಚ್. ‘ಮಧ್ಯಾಹ್ನಕ್ಕೇ ಬರುತ್ತೇವಲ್ಲ’ ಎಂದು ಬಿಟ್ಟು ಹೋಗಬೇಡಿ. 400 ಮೀಟರ್ ಮೇಲೆ ಹೋದರೆ ಎರಡು-ಮೂರು ಡಿಗ್ರಿ ಚಳಿ ಹೆಚ್ಚು, ಗಾಳಿಯೂ ಸೇರಿದರೆ ಬೆವರಿದ ಮೈ ಕ್ಷಣದಲ್ಲಿ ತಣ್ಣಗಾಗುತ್ತದೆ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಲೇಬಾರದು. ಪ್ರತಿ 1,000 ಮೀಟರಿಗೆ ನೇರಳಾತೀತ ಕಿರಣಗಳು ಸುಮಾರು 10 ಶೇಕಡಾ ಹೆಚ್ಚುತ್ತವೆ, ಹೊಸ ಹಿಮ ಅದರಲ್ಲಿ 80 ಶೇಕಡಾದವರೆಗೆ ಮುಖಕ್ಕೇ ತಿರುಗಿಸಿ ಬಿಡುತ್ತದೆ. ಮೋಡ ಕವಿದಿದ್ದರೂ ಕಣ್ಣು ಸುಡುತ್ತದೆ.

ಏರು

ಈ ನಡಿಗೆಯ ಗುರಿ ಮಲಗಿದ ಎತ್ತರಕ್ಕಿಂತ 300ರಿಂದ 500 ಮೀಟರ್ ಮೇಲೆ ಹೋಗಿ, ಸ್ವಲ್ಪ ಹೊತ್ತು ಇದ್ದು, ಇಳಿದು ಬರುವುದು. ‘ಎತ್ತರ ಹತ್ತು, ತಗ್ಗಿನಲ್ಲಿ ಮಲಗು’ ಎಂಬ ಚಾರಣಿಗರ ನಡೆ ಇದೇ. ಎವರೆಸ್ಟ್ ಬೇಸ್ ಕ್ಯಾಂಪಿನ ದಾರಿಯಲ್ಲಿ 3,440 ಮೀಟರಿನ ನಾಮ್ಚೆ ಬಜಾರಿನಲ್ಲಿ ಎರಡು ರಾತ್ರಿ ಉಳಿಯುವವರು ನಡುವಿನ ದಿನ 3,880 ಮೀಟರಿನ ಸುತ್ತಿನ ದಿಬ್ಬಗಳಿಗೆ ಹೋಗಿ ಬರುವುದು ಇದಕ್ಕಾಗಿಯೇ. ಕಿಲಿಮಂಜಾರೋದ ಮಚಾಮೆ ದಾರಿಯಲ್ಲಂತೂ ಇದು ದಾರಿಯೊಳಗೇ ಸೇರಿಕೊಂಡಿದೆ: ಹಗಲು ಸುಮಾರು 4,600 ಮೀಟರಿನ ಲಾವಾ ಟವರ್ ಬಂಡೆಯವರೆಗೆ ಹತ್ತಿ, ರಾತ್ರಿಗೆ 4,000 ಮೀಟರಿಗಿಂತ ತುಸು ಕೆಳಗಿರುವ ಬರಾಂಕೋ ಶಿಬಿರಕ್ಕೆ ಇಳಿಯುತ್ತಾರೆ.

ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹೊರಟರೆ ಸಾಕು, ಆದರೆ ಮಧ್ಯಾಹ್ನದೊಳಗೆ ಮರಳುವಂತಿರಲಿ. ಪರ್ವತಗಳಲ್ಲಿ ನೆಲ ಬಿಸಿಯಾದಂತೆ ಗಾಳಿ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವುದು ಸಾಮಾನ್ಯ.

ನಡೆಯುವ ವೇಗಕ್ಕೆ ಒಂದೇ ಪರೀಕ್ಷೆ: ಒಂದು ಉದ್ದದ ವಾಕ್ಯವನ್ನು ನಡುವೆ ಉಸಿರಿಗೆ ತಡೆಯದೆ ಹೇಳಲು ಆಗಬೇಕು. ಆಗದಿದ್ದರೆ ನೀವು ವೇಗವಾಗಿ ಹೋಗುತ್ತಿದ್ದೀರಿ. ಮೊದಲ ಅರ್ಧ ಗಂಟೆ ನಾಚಿಕೆಯಾಗುವಷ್ಟು ನಿಧಾನ ನಡೆಯಿರಿ. ಕಡಿದಾದ ಕಡೆ ಹೆಜ್ಜೆಯೊಂದಕ್ಕೆ ಒಂದು ಉಸಿರು ಹೊಂದಿಸಿ. ಮೇಲಿನ ಕಾಲು ಇಡುವ ಮುನ್ನ ಕೆಳಗಿನ ಮೊಣಕಾಲನ್ನು ನೆಟ್ಟಗೆ ಮಾಡಿ ಮೈಭಾರವನ್ನು ಮೂಳೆಗೆ ಬಿಟ್ಟು ಒಂದು ಕ್ಷಣ ನಿಲ್ಲಿ. ತೊಡೆಯ ಸ್ನಾಯುಗಳಿಗೆ ಪ್ರತಿ ಹೆಜ್ಜೆಗೂ ಸಿಗುವ ಆ ಚೂರು ವಿರಾಮ ಎರಡು ಗಂಟೆಯಲ್ಲಿ ದೊಡ್ಡ ಮೊತ್ತವಾಗುತ್ತದೆ. ಹತ್ತು ನಿಮಿಷ ಓಡಿ ಹತ್ತು ನಿಮಿಷ ಏದುಸಿರು ಬಿಡುವವರಿಗಿಂತ ಹೀಗೆ ನಡೆಯುವವರೇ ಮೊದಲು ತಲುಪುತ್ತಾರೆ, ಮೈ ಬೆವರದೆ ತಲುಪುತ್ತಾರೆ.

ಗುಂಪಿನಲ್ಲಿ ಎಲ್ಲಕ್ಕಿಂತ ನಿಧಾನದವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಅವರು ಮುಂದಿನವರನ್ನು ಹಿಡಿಯಲು ಇಡೀ ದಿನ ಹೆಣಗುತ್ತಾರೆ. ಉಳಿದವರ ವಿಶ್ರಾಂತಿ ಮುಗಿದಾಗ ಅವರದು ಶುರುವಾಗಿರುತ್ತದೆ.

ದಾರಿಯಲ್ಲಿ ಏದುಸಿರು ಬರುವುದು ಸಹಜ. ನಿಂತು ಒಂದೆರಡು ನಿಮಿಷದಲ್ಲಿ ಅದು ತಗ್ಗಬೇಕು. ತಗ್ಗದಿದ್ದರೆ, ಅಥವಾ ತಲೆನೋವು ಶುರುವಾದರೆ, ಅಲ್ಲಿಂದಲೇ ಹಿಂದಿರುಗಿ. 300 ಮೀಟರಿನ ಗುರಿಯಲ್ಲಿ 150ಕ್ಕೇ ಮರಳಿದರೂ ಯಾವ ನಷ್ಟವೂ ಇಲ್ಲ.

ಮೇಲೆ ತಲುಪಿದ ಮೇಲೆ ಫೋಟೊ ತೆಗೆದು ಓಡಿ ಬರಬೇಡಿ. ಮೊದಲು ಬೆಚ್ಚನೆಯ ಪದರ ಹಾಕಿಕೊಳ್ಳಿ, ಆಮೇಲೆ ಕುಳಿತುಕೊಳ್ಳಿ. ಅರ್ಧ ಗಂಟೆಯಿಂದ ಒಂದು ಗಂಟೆ, ಹವೆ ಒಪ್ಪಿದರೆ. ಚೂರು ತಿನ್ನಿ, ನೀರು ಕುಡಿಯಿರಿ, ನಾಳೆ ಹೋಗುವ ದಾರಿ ಕಾಣುತ್ತಿದ್ದರೆ ಕಣ್ಣಲ್ಲೇ ನಡೆದು ನೋಡಿ. ಈ ಹೊತ್ತು ನನಗೆ ಇಡೀ ಚಾರಣದಲ್ಲೇ ಪ್ರಿಯವಾದದ್ದು. ತಲುಪಬೇಕಾದ ಜಾಗ ಯಾವುದೂ ಇಲ್ಲ, ಉಸಿರು ತಾನಾಗಿ ನಿಧಾನವಾಗುವುದು ಗೊತ್ತಾಗುತ್ತದೆ.

ಮಧ್ಯಾಹ್ನ: ಊಟ, ನೀರು

ಇಳಿದು ಬಂದ ಮೇಲೆ ಒದ್ದೆ ಬಟ್ಟೆ ಬದಲಾಯಿಸಿ ಊಟ ಮಾಡಿ. ಎತ್ತರದಲ್ಲಿ ಹಸಿವು ಕುಗ್ಗುತ್ತದೆ, ಆದ್ದರಿಂದ ಹಸಿವಾಗಲಿ ಎಂದು ಕಾಯಬಾರದು. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ತಿನ್ನಬೇಕು. ಅನ್ನ, ಆಲೂಗಡ್ಡೆ, ನೂಡಲ್ಸಿನಂಥ ಪಿಷ್ಟದ ಊಟ ಒಳ್ಳೆಯದು: ಅದೇ ಪ್ರಮಾಣದ ಶಕ್ತಿ ಕೊಡಲು ಕೊಬ್ಬಿಗಿಂತ ಕಡಿಮೆ ಆಮ್ಲಜನಕ ಸಾಕು. 4,000 ಮೀಟರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಬೇಯಲು ತಡ. ಆದರೆ ಕುದಿಸಿದ ನೀರು ಕುಡಿಯಲು ಸುರಕ್ಷಿತವೇ, ರೋಗಾಣುಗಳು ಸಾಯಲು ಅಷ್ಟು ಬಿಸಿ ಸಾಕು.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಒಣ ಗಾಳಿಯಲ್ಲಿ ಜೋರಾಗಿ ಉಸಿರಾಡುವುದರಿಂದ ಮೈಯ ನೀರು ಬೇಗ ಹೋಗುತ್ತದೆ. ದಿನಕ್ಕೆ ಮೂರು ಲೀಟರಿನ ಆಸುಪಾಸು ಬೇಕಾಗಬಹುದು. ಆದರೆ ಐದಾರು ಲೀಟರ್ ಕುಡಿದರೆ ಎತ್ತರದ ಕಾಯಿಲೆ ಬಾರದು ಎಂಬ ನಂಬಿಕೆ ತಪ್ಪು. ಅತಿಯಾದರೆ ರಕ್ತದ ಉಪ್ಪಿನಂಶ ತೆಳುವಾಗಿ ಅದೇ ತಲೆನೋವು, ಅದೇ ವಾಕರಿಕೆ ಬರುತ್ತದೆ. ಮೂತ್ರ ತಿಳಿಯಾಗಿರುವಷ್ಟು ಕುಡಿಯಿರಿ, ಸೂಪಿನಂಥ ಉಪ್ಪಿರುವ ಪಾನೀಯವೂ ನಡುವೆ ಇರಲಿ.

ಸಂಜೆ: ಎರಡನೆಯ ತಪಾಸಣೆ

ಕತ್ತಲಾಗುವ ಮೊದಲೇ ಮತ್ತೆ ನಾಲ್ಕು ಪ್ರಶ್ನೆ ಕೇಳಿ. ಹೊತ್ತು ಮುಳುಗಿದ ಮೇಲೆ ಇಳಿಯಬೇಕಾಗಿ ಬಂದರೆ ಕಷ್ಟ, ಅದಕ್ಕೇ ಬೆಳಕಿರುವಾಗ. ಈ ಸಲ ಪ್ರಶ್ನೆಗಳ ಜೊತೆ ಇನ್ನೆರಡು ಕೆಲಸ ಇವೆ.

ಮೊದಲನೆಯದು, ನೆಲದಲ್ಲಿ ಮೂರು ಮೀಟರಿನಷ್ಟು ಗೆರೆ ಎಳೆದು ಅದರ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗುವಂತೆ ನಡೆಸುವುದು. ಎಲ್ಲರೂ ನಡೆಯಲಿ. ಓಲಾಡಿದರೆ, ಗೆರೆ ಬಿಟ್ಟರೆ ಇನ್ನೊಮ್ಮೆ ನೋಡಿ. ಮತ್ತೆಯೂ ಆಗದಿದ್ದರೆ ಅದು ಮೆದುಳು ಊದಿಕೊಳ್ಳುತ್ತಿರುವ ಗುರುತು ಎಂದೇ ಎಣಿಸಬೇಕು. ಮಾತು ತೊದಲುವುದು, ಹೆಸರು-ದಿನ ಗೊಂದಲವಾಗುವುದು, ಯಾರ ಜೊತೆಗೂ ಸೇರದೆ ಮೂಲೆ ಹಿಡಿಯುವುದು, ಶೂ ಲೇಸು ಕಟ್ಟಲು ತಡಕಾಡುವುದು ಇವೂ ಅದೇ ಸಾಲಿನವು. ‘ದಣಿದಿದ್ದಾರೆ, ಮಲಗಲಿ ಬಿಡಿ’ ಎಂದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿರಬಹುದು.

ಎರಡನೆಯದು, ಉಸಿರು ಕೇಳಿಸಿಕೊಳ್ಳುವುದು. ಸುಮ್ಮನೆ ಕುಳಿತಾಗಲೂ ಮೇಲುಸಿರು ಬರುತ್ತಿದೆಯೇ? ಒಣ ಕೆಮ್ಮು ಹೆಚ್ಚುತ್ತಿದೆಯೇ? ನಿನ್ನೆ ಸಲೀಸಾಗಿ ನಡೆದ ಸಮತಟ್ಟಿನಲ್ಲಿ ಇಂದು ನಿಂತು ನಿಂತು ಬರುತ್ತಿದ್ದಾರೆಯೇ? ತುಟಿ, ಉಗುರು ನೀಲಿಗಟ್ಟಿದೆಯೇ? ಹಾಗಿದ್ದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ. ತಲೆನೋವು ಇರಲೇಬೇಕೆಂದಿಲ್ಲ. ನೊರೆಯಲ್ಲಿ ಕೆಂಪು ಬೆರೆತ ಕಫ ಬರುವುದು ಕೊನೆಯ ಹಂತ, ಅಲ್ಲಿಯವರೆಗೆ ಕಾಯಬಾರದು. ಎತ್ತರದ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ಇದೇ.

ಈ ಎರಡರಲ್ಲಿ ಯಾವುದು ಕಂಡರೂ ಚಿಕಿತ್ಸೆ ಒಂದೇ: ಇಳಿಯುವುದು, ಆಗಲೇ, ಕನಿಷ್ಠ 300 ಮೀಟರ್, ಗುಣ ಕಾಣುವವರೆಗೆ 1,000 ಮೀಟರಿನವರೆಗೂ. ಆಮ್ಲಜನಕದ ಸಿಲಿಂಡರ್ ಇದ್ದರೆ ಕೊಡಿ. ಗಾಳಿ ತುಂಬಿ ಒತ್ತಡ ಹೆಚ್ಚಿಸುವ, ಮನುಷ್ಯರನ್ನು ಒಳಗೆ ಮಲಗಿಸುವ ಗ್ಯಾಮೋ ಚೀಲಗಳು ಕೆಲವು ಶಿಬಿರಗಳಲ್ಲಿರುತ್ತವೆ. ಇಳಿಯಲು ದಾರಿಯೇ ಇಲ್ಲದಾಗ ಹೊತ್ತು ಗಳಿಸಿಕೊಡುತ್ತವೆ. ಮೆದುಳಿನ ಊತಕ್ಕೆ ಡೆಕ್ಸಾಮೆಥಾಸೋನ್, ಶ್ವಾಸಕೋಶದ ನೀರಿಗೆ ನಿಫೆಡಿಪೈನ್ ವೈದ್ಯರು ಕೊಡುವ ಔಷಧಗಳು. ಹೊರಡುವ ಮೊದಲೇ ವೈದ್ಯರಿಂದ ಪ್ರಮಾಣ ಬರೆಸಿಕೊಂಡು ಪೆಟ್ಟಿಗೆಯಲ್ಲಿಟ್ಟಿರಿ. ಯಾವ ಔಷಧವೂ ಇಳಿಯುವುದಕ್ಕೆ ಬದಲಿಯಲ್ಲ.

ಡಯಾಮಾಕ್ಸ್ ಎಂಬ ಹೆಸರಲ್ಲಿ ಸಿಗುವ ಅಸಿಟಜೋಲಮೈಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಮೂತ್ರಪಿಂಡದ ಆ ಬೈಕಾರ್ಬೊನೇಟ್ ಹೊರಹಾಕುವ ಕೆಲಸವನ್ನೇ ಚುರುಕುಗೊಳಿಸುತ್ತದೆ. ತಲೆನೋವನ್ನು ಮರೆಮಾಚುವ ಮಾತ್ರೆಯಲ್ಲ. ತಡೆಗಾಗಿ ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚುತ್ತದೆ, ಸೋಡಾ ಸಪ್ಪೆಯೆನಿಸುತ್ತದೆ. ಸಲ್ಫಾ ಔಷಧಗಳ ಅಲರ್ಜಿ ಇದ್ದವರು ವೈದ್ಯರಿಗೆ ಹೇಳದೆ ಮುಟ್ಟಬಾರದು. ಮಾತ್ರೆ ನುಂಗಿದೆ ಎಂದು ಏರುವ ವೇಗ ಹೆಚ್ಚಿಸಿದರೆ ಪ್ರಯೋಜನವಿಲ್ಲ.

ರಾತ್ರಿ

ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ. ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ, ನಿದ್ದೆಯಲ್ಲಿ ಅದು ಮೊದಲೇ ಕುಗ್ಗಿರುತ್ತದೆ. ಮಲಗುವ ಮುನ್ನ ಬೆಚ್ಚನೆಯ ನೀರಿನ ಬಾಟಲಿಯನ್ನು ಸ್ಲೀಪಿಂಗ್ ಬ್ಯಾಗಿನ ಕಾಲಬದಿಗೆ ಹಾಕಿ. ಬೆಳಗ್ಗೆ ಅದೇ ಹೆಪ್ಪುಗಟ್ಟದ ಕುಡಿಯುವ ನೀರು. ಟಾರ್ಚ್ ಕೈಗೆಟಕುವಲ್ಲಿರಲಿ, ರಾತ್ರಿ ಎರಡು-ಮೂರು ಸಲ ಏಳಬೇಕಾಗುತ್ತದೆ.

ಪಕ್ಕದಲ್ಲಿ ಮಲಗಿದವರ ಉಸಿರು ಜೋರಾಗಿ, ಮೆಲ್ಲಗಾಗಿ, ಹತ್ತಾರು ಸೆಕೆಂಡು ನಿಂತೇ ಹೋಗಿ, ಮತ್ತೆ ಒಮ್ಮೆಲೇ ಶುರುವಾಗುವುದನ್ನು ಕೇಳಿ ಮೊದಲ ಸಲ ನಾನು ಹೆದರಿ ಎಬ್ಬಿಸಿದ್ದೆ. ಎತ್ತರದ ನಿದ್ದೆಯಲ್ಲಿ ಇದು ಆರೋಗ್ಯವಂತರಿಗೂ ಆಗುತ್ತದೆ. ಮೊದಲು ಹೇಳಿದ ಆ ‘ಹೆಚ್ಚಿಸು, ತಗ್ಗಿಸು’ ಜಗಳವೇ ಇದು. ಉಸಿರು ಕಟ್ಟಿದಂತಾಗಿ ಎಚ್ಚರವಾದರೆ ಎದ್ದು ಕುಳಿತು ನಾಲ್ಕು ಸಲ ನಿಧಾನ ಉಸಿರಾಡಿ ಮತ್ತೆ ಮಲಗಿ. ಆದರೆ ಕುಳಿತ ಮೇಲೂ ಐದು ನಿಮಿಷದಲ್ಲಿ ಉಸಿರು ತಹಬಂದಿಗೆ ಬಾರದಿದ್ದರೆ, ಎದೆಯಲ್ಲಿ ಗೊರಗೊರ ಸದ್ದು ಕೇಳಿದರೆ, ಎಲ್ಲರನ್ನೂ ಎಬ್ಬಿಸಿ. ಇದು ಎರಡನೆಯ ರಾತ್ರಿ ಎಂಬುದು ನೆನಪಿರಲಿ.

ಮರುದಿನ ಬೆಳಗ್ಗೆ

ಮತ್ತೆ ನಾಡಿ, ಮತ್ತೆ ನಾಲ್ಕು ಪ್ರಶ್ನೆ. ಎಲ್ಲರ ಅಂಕ ಸೊನ್ನೆಗೆ ಅಥವಾ ಒಂದಕ್ಕೆ ಇಳಿದಿದ್ದರೆ ಮೇಲಕ್ಕೆ ಹೊರಡಿ. ಯಾರದಾದರೂ ನಿನ್ನೆಯಷ್ಟೇ ಇದ್ದರೆ ಅವರು ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಉಳಿದ ಮೇಲೂ ಕಡಿಮೆಯಾಗದೆ ಹೆಚ್ಚುತ್ತಿದ್ದರೆ ಇಳಿಯಬೇಕು.

ಇಳಿಯುವವರನ್ನು ಒಂಟಿಯಾಗಿ ಕಳಿಸಬೇಡಿ, ದಾರಿ ಎಷ್ಟೇ ಸುಲಭವಿರಲಿ, ಅವರು ಎಷ್ಟೇ ‘ಪರವಾಗಿಲ್ಲ’ ಎನ್ನಲಿ. ಗಟ್ಟಿ ಇರುವ ಒಬ್ಬರು ಜೊತೆಗೆ ಹೋಗಬೇಕು, ಚೀಲವನ್ನು ಬೇರೆಯವರು ಹೊರಬೇಕು. ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿರಿ, ತಲೆನೋವು ಯಾವಾಗ ಶುರುವಾಯಿತು, ಕೊನೆಯ ಎರಡು ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಜೊತೆಗೆ ಹೋಗುವವರ ಜೇಬಿನಲ್ಲಿಡಿ. ಕೆಳಗೆ ಸಿಗುವ ವೈದ್ಯರು ಮೊದಲು ಕೇಳುವುದು ಅದನ್ನೇ.